ವೆಬ್‌ಸೈಟ್ ಮಾಡಿಸೋ ಮೊದಲು ಪಹಣಿ ಯಾರ ಹೆಸರಿಗೆ ಅಂತ ಕೇಳಿ

ಕಬ್ಬು ಕಡಿಯೋ ಗಲಾಟೆಯಲ್ಲಿ 15 ದಿನದಿಂದ ಏನೂ ಬರೆಯೋಕಾಗಿರಲಿಲ್ಲ. ಮೊನ್ನೆ ಆಲೆಮನೆ ಹತ್ರ ಪಕ್ಕದೂರಿನ ಇಬ್ಬರು ಹುಡುಗರು ಬಂದು, "ಅಣ್ಣ, ನಮ್ಮ ಬೆಲ್ಲಕ್ಕೂ ಒಂದು ವೆಬ್‌ಸೈಟ್ ಮಾಡಿಸ್ಬೇಕು, ಯಾರಿಗೆ ಕೊಡೋದು?" ಅಂದ್ರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹಾಕ್ತಿದೀನಿ.

ಮೂರು ವರ್ಷದ ಹಿಂದೆ ನಾನು ಒಬ್ಬನಿಗೆ ಕೊಟ್ಟಿದ್ದೆ. ಮುಖ ನೋಡಿಲ್ಲ, ಎಲ್ಲಾ ಫೋನಲ್ಲೇ. 8 ಸಾವಿರ ಅಂದ, ಎರಡೇ ದಿನಕ್ಕೆ ಮಾಡಿಕೊಟ್ಟ. ಸೈಟು ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ಅದೇ ವಿಳಾಸ ಹಾಕಿ ಬೆಲ್ಲದ ಪ್ಯಾಕೆಟ್‌ಗೆ 2000 ಸ್ಟಿಕರ್ ಹೊಡೆಸಿದೆ. ವರ್ಷ ತುಂಬ್ತಿದ್ದಂಗೆ ಸೈಟ್ ನಿಂತೋಯ್ತು. ಫೋನ್ ಮಾಡಿದ್ರೆ ಸ್ವಿಚ್ ಆಫ್. ವಿಚಾರಿಸಿದ್ರೆ, ಆ ವಿಳಾಸ, ಅಂದ್ರೆ ಡೊಮೇನ್ ಅಂತಾರಲ್ಲ ಅದು, ಅವನ ಹೆಸರಲ್ಲಿ ನೋಂದಣಿ ಆಗಿತ್ತು. ಅದಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕು. ಕಟ್ಟಿ ಅಂತ ಬರೋ ಮೇಲ್ ಎಲ್ಲಾ ಹೋಗ್ತಿದ್ದದ್ದು ಅವನಿಗೆ. ದುಡ್ಡು ನಂದು, ಪಹಣಿ ಅವನದು! ಮಿಕ್ಕಿದ ಸ್ಟಿಕರ್ ಮೇಲೆ ಮನೆಯವಳೂ ಮಗಳೂ ಕೂತು ಮಾರ್ಕರ್‌ನಲ್ಲಿ ವಿಳಾಸ ಹೊಡೆದುಹಾಕಿದ್ರು. ಬೆಂಗಳೂರಿನ ಹಳೇ ಗಿರಾಕಿ ಒಬ್ಬರು, "ನೀವು ಬೆಲ್ಲ ಬಿಟ್ಟುಬಿಟ್ರೇನೋ ಅಂದ್ಕೊಂಡೆ" ಅಂದಾಗ ಮಾತ್ರ ಬಹಳ ಬೇಜಾರಾಯ್ತು.

ಅದಕ್ಕೇ ಹೇಳೋದು, ಎಷ್ಟು ತಗೋತೀಯ ಅನ್ನೋಕೆ ಮುಂಚೆ ವಿಳಾಸ ಯಾರ ಹೆಸರಿಗೆ ಮಾಡ್ತೀಯ ಅಂತ ಕೇಳಿ. ನಮ್ಮ ಮೇಲ್, ನಮ್ಮ ನಂಬರ್ ಹಾಕಿ, ಎದುರಿಗೆ ಕೂರಿಸಿಕೊಂಡು ಮಾಡೋರಿಗೇ ಕೆಲಸ ಕೊಡಿ. ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಮೊದಲನೇ ವರ್ಷ ಕಡಿಮೆ ತೋರಿಸಿ ಎರಡನೇ ವರ್ಷ ಏರಿಸೋದೂ ಉಂಟು, ಅದನ್ನೂ ಕೇಳಿಕೊಳ್ಳಿ. ಸೈಟ್ ಇಡೋ ಜಾಗಕ್ಕೆ ಹೋಸ್ಟಿಂಗ್ ಅಂತ ಬೇರೆ ದುಡ್ಡು. ಅದರ ಪಾಸ್‌ವರ್ಡೂ ನಮ್ಮ ಹತ್ರ ಇರಬೇಕು. "ಅದೆಲ್ಲ ನಿಮಗ್ಯಾಕೆ ಯಜಮಾನ್ರೆ, ನಾನ್ ನೋಡ್ಕೋತೀನಿ" ಅಂದ್ರೆ ಎದ್ದು ಬನ್ನಿ.

ಎರಡನೇ ಸಲ ತಾಲ್ಲೂಕಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರೋ ಹುಡುಗಿಗೆ ಕೊಟ್ಟೆ. ಹಿಂದೆ ಮಾಡಿದ ಸೈಟ್ ತೋರಿಸಮ್ಮ ಅಂದು, ಅದರಲ್ಲಿದ್ದ ನಂಬರ್‌ಗೆ ನಾನೇ ಫೋನ್ ಹಚ್ಚಿದೆ. ಒಬ್ಬರು, "ರೇಟ್ ಬದಲಾಯಿಸು ಅಂದ್ರೆ ನಾಲ್ಕು ದಿನ ಮಾಡ್ತಾಳೆ, ಆದ್ರೆ ಮಾಡ್ತಾಳೆ" ಅಂದ್ರು. ನಂಗಷ್ಟು ಸಾಕಿತ್ತು. ನಾನು ಕೊಟ್ಟ ಬರಹ ಹಳೇ ನುಡಿ ಫಾಂಟ್‌ನಲ್ಲಿತ್ತು. ಹಾಗೇ ಹಾಕಿದ್ರೆ ಗಿರಾಕಿ ಫೋನಲ್ಲಿ ಗಜಿಬಿಜಿ ಕಾಣುತ್ತೆ, ಯೂನಿಕೋಡ್ ಮಾಡ್ಬೇಕು ಅಂತ ಅವಳೇ ಹೇಳಿದ್ಲು. ಗದ್ದೆ ಬದುವಲ್ಲಿ ನಿಂತು ತೆಗೆದು ನೋಡಿದೆ, ಫೋಟೋ ಬರೋಕೆ ಬಹಳ ಹೊತ್ತಾಯ್ತು. ಹೇಳಿದ ಮೇಲೆ ಫೋಟೋ ಸೈಜ್ ಇಳಿಸಿಕೊಟ್ಲು.

ಇನ್ನೊಂದು ಮಾತು. ವಾರಕ್ಕೆ 10-20 ಕೆಜಿ ಮಾರೋರಿಗೆ ಇದ್ಯಾವುದೂ ಬೇಡ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಫೋಟೋ, ರೇಟ್ ಹಾಕಿದ್ರೆ ಸಾಕು, ಪುಕ್ಕಟೆ.

ಆ ಹುಡುಗರಲ್ಲಿ ಒಬ್ಬ ಆಗಲೇ ಯಾರಿಗೋ 3 ಸಾವಿರ ಅಡ್ವಾನ್ಸ್ ಕಳಿಸಿಬಿಟ್ಟಿದ್ದಾನೆ. ಮೊದಲು ವಿಳಾಸ ನಿನ್ನ ಹೆಸರಿಗೆ ಮಾಡಿಸ್ಕೊ, ಬಾಕಿ ಆಮೇಲೆ ಕೊಡು ಅಂದಿದೀನಿ. ಇವತ್ತು ಸಂಜೆ ಅವನ ಫೋನ್ ಬರಬೇಕು.