‘ಮೊದಲೇ ಬರಬಾರದಿತ್ತಾ?’

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವರ ಕಿವಿಗೆ ಬಹಳ ಸಲ ಮೊದಲು ಬೀಳುವ ಮಾತು ಇದು. ಬಾಯಲ್ಲಿ ಪುಟ್ಟ ಕನ್ನಡಿ ಇರುವುದರಿಂದ ಉತ್ತರ ಕೊಡಲೂ ಆಗುವುದಿಲ್ಲ. ದೀಪಾವಳಿಗೆ ಮುಂಚೆ ಅಟ್ಟ ತೆರೆದಾಗ ಮನೆಯಲ್ಲಿ ಏಳುವ ‘ಇಷ್ಟು ವರ್ಷ ಏನು ಮಾಡ್ತಿದ್ರಿ?’, ಹರಿದ ಚಪ್ಪಲಿಯನ್ನು ನಾಯಿಯ ಮೂತಿಗೆ ಹಿಡಿದು ಕೇಳುವ ‘ಯಾರು ಮಾಡಿದ್ದು ಇದು?’ ಇವೂ ಅದೇ ಮಾತಿನ ಒಡಹುಟ್ಟುಗಳು. ಕೇಳಲು ಪ್ರಶ್ನೆಗಳಂತಿವೆ, ಆದರೆ ಕೇಳುವವರಿಗೆ ಉತ್ತರ ಬೇಕಿಲ್ಲ. ಎದುರಿಗಿರುವ ಜೀವಕ್ಕೆ ತನ್ನ ತಪ್ಪು ಅರಿವಾಗಬೇಕು, ಮುಂದೆ ಅದು ತಿದ್ದಿಕೊಳ್ಳಬೇಕು ಎಂಬುದಷ್ಟೇ ಆಸೆ. ಗದರಿದರೆ, ನಾಚಿಸಿದರೆ ನಿಜಕ್ಕೂ ತಿದ್ದಿಕೊಳ್ಳುತ್ತಾರೆಯೇ?

ನಾಯಿಯಿಂದ ಶುರು ಮಾಡುವುದು ಒಳ್ಳೆಯದು. ಅದಕ್ಕೆ ಮಾತಿಲ್ಲ, ಹಾಗಾಗಿ ಅದರ ಪರವಾಗಿ ನಾವೇ ಮಾತಾಡಿಬಿಡುತ್ತೇವೆ. ‘ಮುಖ ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎಂದು ನಾಯಿ ಸಾಕಿದವರೆಲ್ಲ ಒಮ್ಮೆಯಾದರೂ ಹೇಳಿರುತ್ತಾರೆ. ಕಿವಿ ಹಿಂದಕ್ಕೆ ಮಡಿಸಿ, ಬಾಲವನ್ನು ಕಾಲಸಂದಿಗೆ ಸೇರಿಸಿ, ಓರೆಗಣ್ಣಲ್ಲಿ ನೋಡುತ್ತಾ ನೆಲಕ್ಕೆ ಒತ್ತಿಕೊಂಡ ನಾಯಿಯನ್ನು ಕಂಡರೆ ಹಾಗನ್ನಿಸುವುದು ಸಹಜವೇ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಈ ಮುಖಭಾವವನ್ನೇ ಪರೀಕ್ಷೆಗೆ ಒಡ್ಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿನಾಲ್ಕು ಸಾಕುನಾಯಿಗಳು. ಒಡೆಯರು ತಿಂಡಿಯೊಂದನ್ನು ತೋರಿಸಿ, ಮುಟ್ಟಬೇಡ ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಮರಳಿದಾಗ ನಾಯಿ ತಿಂದಿತೋ ಇಲ್ಲವೋ ಎಂಬ ಬಗ್ಗೆ ಅವರಿಗೆ ಸಿಗುತ್ತಿದ್ದ ಸುದ್ದಿ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ಹೀಗೆ ತಿಂಡಿ ಮುಟ್ಟದ ನಾಯಿಗೂ ಬೈಗುಳ ಬಿತ್ತು, ತಿಂದ ನಾಯಿಗೂ ಅಕ್ಕರೆಯ ಸ್ವಾಗತ ಸಿಕ್ಕಿತು. ‘ತಪ್ಪಿತಸ್ಥ’ ಮುಖ ಕಂಡದ್ದು ಬೈಸಿಕೊಂಡ ನಾಯಿಗಳಲ್ಲಿ, ತಿಂದಿದ್ದವೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಏನೂ ಮಾಡದೆ ಬೈಸಿಕೊಂಡವುಗಳ ಮುಖವೇ ಹೆಚ್ಚು ಬಾಡಿತ್ತು.

ಅಂದರೆ ನಾವು ಪಶ್ಚಾತ್ತಾಪ ಎಂದು ಓದಿಕೊಳ್ಳುವುದು ಬರಿಯ ಹೆದರಿಕೆ. ಬೆಳಿಗ್ಗೆ ಹರಿದ ಚಪ್ಪಲಿಗೆ ಸಂಜೆ ಬೈದರೆ ನಾಯಿ ಆ ಬೈಗುಳವನ್ನು ಚಪ್ಪಲಿಗೆ ಜೋಡಿಸಿಕೊಳ್ಳುವುದಿಲ್ಲ. ಆ ಗಳಿಗೆಯಲ್ಲಿ ಕಣ್ಣೆದುರು ನಡೆಯುತ್ತಿರುವುದಕ್ಕೆ, ಅಂದರೆ ಗೇಟಿನ ಸದ್ದಿಗೆ, ಯಜಮಾನರ ಹೆಜ್ಜೆಗೆ ಜೋಡಿಸಿಕೊಳ್ಳುತ್ತದೆ. ಮನೆಯೊಳಗೆ ಉಚ್ಚೆ ಹೊಯ್ದ ಮರಿಯ ಮೂಗನ್ನು ನೆಲಕ್ಕೆ ತಿಕ್ಕುವ ಪದ್ಧತಿ ಇನ್ನೂ ಹೋಗಿಲ್ಲ. ಅದರಿಂದ ಮರಿ ಕಲಿಯುವ ಪಾಠ ಮನುಷ್ಯರ ಎದುರು ಉಚ್ಚೆ ಹೊಯ್ಯಬಾರದು ಎಂಬುದು. ಮಾರನೆಯ ದಿನ ಅದು ಸೋಫಾದ ಹಿಂದೆ ಹೋಗುತ್ತದೆ. ಆಗ ಮನೆಯವರು ‘ಎಷ್ಟು ಕಳ್ಳಬುದ್ಧಿ ನೋಡಿ’ ಎಂದು ಇನ್ನಷ್ಟು ಗದರುತ್ತಾರೆ.

ಹಾಗಾದರೆ ಗದರುವ ಅಭ್ಯಾಸ ಇಷ್ಟು ಗಟ್ಟಿಯಾಗಿ ಉಳಿದಿರುವುದೇಕೆ? ಆ ಕ್ಷಣಕ್ಕೆ ಅದು ಫಲ ಕೊಡುತ್ತದೆ, ಅದಕ್ಕೆ. ಬೊಗಳುತ್ತಿದ್ದ ನಾಯಿ ಸುಮ್ಮನಾಗುತ್ತದೆ, ಮಗು ತಲೆ ತಗ್ಗಿಸುತ್ತದೆ, ರೋಗಿ ‘ಇನ್ನು ಮುಂದೆ ಬರ್ತೀನಿ ಸಾರ್’ ಎನ್ನುತ್ತಾನೆ. ಗದರಿದವರಿಗೆ ಕೂಡಲೇ ಸಮಾಧಾನ ಸಿಗುತ್ತದೆ, ಆ ಸಮಾಧಾನವೇ ಅವರನ್ನು ಮತ್ತೆ ಗದರಲು ಪಳಗಿಸುತ್ತದೆ. ಇಲ್ಲಿ ತರಬೇತಿ ಪಡೆಯುತ್ತಿರುವುದು ನಾಯಿಗಿಂತ ಹೆಚ್ಚಾಗಿ ಗದರುವವರೇ.

ಹಲ್ಲಿನ ವಿಷಯದಲ್ಲಿ ಈ ಗದರಿಕೆಯ ಬೆಲೆ ದೊಡ್ಡದು, ಏಕೆಂದರೆ ಅದಕ್ಕೆ ಹೆದರಿ ತಡಮಾಡಿದಷ್ಟೂ ಹಾನಿ ಆಳಕ್ಕಿಳಿಯುತ್ತದೆ. ಹಲ್ಲಿನ ಹೊರಕವಚವಾದ ಎನಾಮಲ್‌ಗೆ ನರವಿಲ್ಲ. ಬಾಯಲ್ಲಿ ಉಳಿದ ಸಕ್ಕರೆ, ಪಿಷ್ಟಗಳನ್ನು ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಕವಚದ ಖನಿಜ ಕರಗತೊಡಗುತ್ತದೆ, ನೋವು ಮಾತ್ರ ಇರುವುದಿಲ್ಲ. ಈ ಹಂತದಲ್ಲಿ ಕಂಡುಹಿಡಿದರೆ ಫ್ಲೋರೈಡ್ ಲೇಪಿಸಿಯೇ ಹಾನಿಯನ್ನು ನಿಲ್ಲಿಸಬಹುದು. ಹುಳುಕು ಒಳಗಿನ ಡೆಂಟಿನ್ ಪದರ ಮುಟ್ಟಿದಾಗ ತಣ್ಣೀರು ಜುಮ್ಮೆನ್ನಿಸುತ್ತದೆ, ಆಗಲೂ ಸಿಮೆಂಟ್ ತುಂಬಿಸಿದರೆ ಸಾಕು. ಅದನ್ನೂ ದಾಟಿ ತಿರುಳಿಗೆ ಇಳಿದರೆ ರೂಟ್ ಕೆನಾಲ್, ಮೇಲೊಂದು ಕ್ಯಾಪ್, ಕೈಬಿಟ್ಟರೆ ಕೀಳಿಸುವುದು.

ನೋವು ಕಾಡುವ ಹೊತ್ತಿನಲ್ಲಿ ಮನೆಯ ಲವಂಗ ನೆರವಿಗೆ ಬರುತ್ತದೆ. ಅದರಲ್ಲಿರುವ ಯೂಜಿನಾಲ್ ನಿಜವಾಗಿಯೂ ನೋವು ಮಂಕಾಗಿಸುವ ವಸ್ತು, ದಂತವೈದ್ಯರೂ ತಾತ್ಕಾಲಿಕ ಸಿಮೆಂಟಿನಲ್ಲಿ ಅದನ್ನು ಬಳಸುತ್ತಾರೆ. ನಾಲ್ಕು ದಿನ ಲವಂಗ, ನಾಲ್ಕು ದಿನ ಮಾತ್ರೆ. ಒಂದು ಬೆಳಿಗ್ಗೆ ನೋವು ತಾನಾಗಿಯೇ ನಿಂತಿರುತ್ತದೆ, ಮನೆಮಂದಿಗೆಲ್ಲ ಸಮಾಧಾನ. ಬಹಳ ಸಲ ಅದು ವಾಸಿಯಾದ ಗುರುತಲ್ಲ. ಒಳಗಿನ ನರ ಸತ್ತಿರುತ್ತದೆ, ಸೋಂಕು ಬೇರಿನ ತುದಿಯಲ್ಲಿ ಸದ್ದಿಲ್ಲದೆ ಮುಂದುವರಿದಿರುತ್ತದೆ. ನೋವಿನ ಹೆದರಿಕೆಯೇ ಜನರನ್ನು ಡಾಕ್ಟರ ಬಳಿಗೆ ತರುತ್ತದೆ ಎಂಬ ಲೆಕ್ಕ ಇಲ್ಲಿಗೆ ತಪ್ಪಿಹೋಗುತ್ತದೆ. ನೋವಿನಿಂದ ಹೊರಟವರು ನೋವು ನಿಂತಲ್ಲಿಯೇ ನಿಂತುಬಿಡುತ್ತಾರೆ.

ನಿಲ್ಲುವುದಕ್ಕೆ ಇನ್ನೊಂದು ಕಾರಣ ನಾಚಿಕೆ. ಹಲ್ಲಿನ ಚಿಕಿತ್ಸೆಯ ಭಯವನ್ನು ಅಧ್ಯಯನ ಮಾಡಿದ ಸ್ವೀಡನ್ನಿನ ಉಲ್ಫ್ ಬರ್ಗ್ರೆನ್ 1984ರಲ್ಲೇ ಅದನ್ನು ಒಂದು ವಿಷಚಕ್ರವಾಗಿ ವಿವರಿಸಿದರು: ಭಯದಿಂದ ದೂರ ಉಳಿಯುವುದು, ದೂರ ಉಳಿದಷ್ಟೂ ಹಲ್ಲು ಕೆಡುವುದು, ಕೆಟ್ಟಷ್ಟೂ ಬಾಯಿ ತೋರಿಸಲು ನಾಚಿಕೆ, ನಾಚಿಕೆಯಿಂದ ಮತ್ತಷ್ಟು ಭಯ. ನೋವಿನ ಪಾಲು ಈಗ ಎಷ್ಟೋ ಇಳಿದಿದೆ. ಸ್ವೀಡನ್ನಿನವರೇ ಆದ ನೀಲ್ಸ್ ಲಾಫ್ಗ್ರೆನ್ 1943ರಲ್ಲಿ ತಯಾರಿಸಿದ ಲಿಡೋಕೇನ್ ಮರಗಟ್ಟಿಸುವ ಚುಚ್ಚುಮದ್ದಾಗಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಾಚಿಕೆಗೆ ಚುಚ್ಚುಮದ್ದಿಲ್ಲ. ‘ಮೊದಲೇ ಬರಬಾರದಿತ್ತಾ?’ ಎಂಬ ಮಾತು ಚಕ್ರದ ಆ ಒಂದು ಹಲ್ಲನ್ನೇ ಹಿಡಿದು ತಿರುಗಿಸುತ್ತದೆ.

ತಪ್ಪೇ ಇಲ್ಲದವರಿಗೂ ಇಂಥ ಮಾತು ಬೀಳುವುದಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟೋ ಊರುಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಅನ್ನು ಮೀರುತ್ತದೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದುಪಟ್ಟೆ ಮೂಡಬಹುದು. ಎಷ್ಟು ಉಜ್ಜಿದರೂ ಆ ಬಣ್ಣ ಹೋಗದು. ಊರು ಬಿಟ್ಟು ಓದಲು ಹೋದ ಕಡೆ ‘ಹಲ್ಲು ಉಜ್ಜಲ್ವಾ?’ ಎಂದು ಕೇಳಿಸಿಕೊಂಡ ಹುಡುಗಿ ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಆಕೆಯನ್ನು ದಂತವೈದ್ಯರ ಕುರ್ಚಿಯಿಂದ ದೂರ ಇಡಲು ಇದಕ್ಕಿಂತ ಬೇರೆ ಉಪಾಯ ಬೇಕಿಲ್ಲ.

ಅಟ್ಟದ ಕತೆ ಇಷ್ಟು ಗಂಭೀರವಲ್ಲ, ಆದರೆ ಜಾಡು ಅದೇ. ಹಿಡಿ ಮುರಿದ ಕುಕ್ಕರ್, ಕೆಟ್ಟ ಮಿಕ್ಸಿಯ ಮೂರು ಜಾರ್, ನೆಂಟರ ಮದುವೆ ಕಾಗದದ ಕಟ್ಟು, ಕೊಟ್ಟವರ ಹೆಸರನ್ನೂ ತಾರೀಕನ್ನೂ ಕೊರೆಸಿದ ಸ್ಟೀಲ್ ಪಾತ್ರೆಗಳು. ಇಟ್ಟುಕೊಂಡವರನ್ನು ಜಿಪುಣರು, ಸೋಮಾರಿಗಳು ಎಂದು ಬೈಯುವುದು ಸುಲಭ. 1990ರಲ್ಲಿ ಕಾನೆಮನ್, ನೆಚ್, ಥೇಲರ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಅವರನ್ನೂ ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಉಳಿದವರನ್ನೂ ಕೇಳಿದರು. ಕೈಗೆ ಬಂದು ಕೆಲವೇ ನಿಮಿಷವಾಗಿದ್ದ ಮಗ್‌ಗೆ ಅದನ್ನು ಹಿಡಿದವರು ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು ಬೆಲೆ ಕಟ್ಟಿದರು. ಹೀಗಿರುವಾಗ ತೀರಿಹೋದ ಸೋದರತ್ತೆಯ ಹೆಸರು ಕೊರೆದ ಚೊಂಬನ್ನು ಗುಜರಿಯವನ ತಕ್ಕಡಿಗೆ ಹಾಕಲು ಕೈ ತಡೆದರೆ ಅದು ಸೋಮಾರಿತನ ಹೇಗಾದೀತು? ಅಟ್ಟದ ಒಂದೊಂದು ವಸ್ತುವೂ ಒಂದೊಂದು ತೀರ್ಮಾನ ಕೇಳುತ್ತದೆ, ಕೆಲವು ತೀರ್ಮಾನ ನೋಯಿಸುತ್ತವೆ. ಮನೆ ಅಚ್ಚುಕಟ್ಟಾಗಿಡುವ ಕಲೆಯಿಂದ ಜಗತ್ಪ್ರಸಿದ್ಧರಾದ ಜಪಾನಿನ ಮೇರಿ ಕೊಂಡೊ ವಸ್ತುವಿಗೆ ಧನ್ಯವಾದ ಹೇಳಿ ಕಳಿಸಿಕೊಡಿ ಎನ್ನುತ್ತಾರೆ. ಆಯುಧಪೂಜೆಯಲ್ಲಿ ಸ್ಕೂಟರಿಗೆ ಕುಂಕುಮ ಇಡುವವರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ಅದೇ ಕೊಂಡೊ ಮೂರನೆಯ ಮಗುವಾದ ಮೇಲೆ ತಮ್ಮ ಮನೆ ಮೊದಲಿನಷ್ಟು ಓರಣವಾಗಿಲ್ಲ ಎಂದು 2023ರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆ ಮಾತು ಎಷ್ಟೋ ತಾಯಂದಿರ ಹೆಗಲಿನಿಂದ ಒಂದು ಭಾರ ಇಳಿಸಿರಬೇಕು.

ಗದರದಿದ್ದರೆ ಸುಮ್ಮನಿದ್ದುಬಿಡಬೇಕೇ ಎಂದು ಕೇಳುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಹಲ್ಲು ಕೊಳೆತಿದ್ದರೆ ಕೊಳೆತಿದೆ ಎಂದು ಹೇಳಲೇಬೇಕು, ಮುಚ್ಚಿಡುವುದು ದಯೆಯಲ್ಲ. ಆದರೆ ಸ್ಥಿತಿಯನ್ನು ತಿಳಿಸುವುದು ಒಂದು, ಅದಕ್ಕಾಗಿ ಮನುಷ್ಯನನ್ನು ಚಿಕ್ಕವನಾಗಿಸುವುದು ಇನ್ನೊಂದು. ಮೂರನೆಯ ದಾರಿಯೂ ಇದೆ, ಅದು ನೂರು ವರ್ಷದಷ್ಟು ಹಳೆಯದು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಎಳೆಯ ಹುಡುಗನ ವೃತ್ತಾಂತ ಬರೆದರು. ಅವನಿಗೆ ಇಷ್ಟದ ತಿಂಡಿ ಕೊಟ್ಟು, ಅವನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿ ಇಡುತ್ತಿದ್ದರು, ದಿನ ಕಳೆದಂತೆ ಹತ್ತಿರಕ್ಕೆ ತರುತ್ತಿದ್ದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಪಟಾಕಿಗೆ ನಡುಗುವ ನಾಯಿಗೆ ಅದೇ ಸದ್ದಿನ ಮುದ್ರಿಕೆಯನ್ನು ಹಬ್ಬಕ್ಕೆ ತಿಂಗಳುಗಳ ಮುಂಚಿನಿಂದಲೇ ಮೆಲ್ಲಗೆ ಕೇಳಿಸಿ, ತಿನಿಸು ಕೊಡುತ್ತಾ ದನಿ ಏರಿಸುವುದು ಇದೇ ಕ್ರಮ. ಮಕ್ಕಳ ದಂತವೈದ್ಯರು ಉಪಕರಣದ ಹೆಸರು ಹೇಳಿ, ಬೆರಳಿನ ಉಗುರಿಗೆ ತಾಗಿಸಿ ತೋರಿಸಿ, ಆಮೇಲೆ ಬಾಯೊಳಗೆ ಒಯ್ಯುವುದೂ ಇದೇ. ಅಟ್ಟದಲ್ಲಿ ಮೊದಲ ದಿನ ನೆನಪಿನ ಪಾತ್ರೆ ಮುಟ್ಟದೆ ಕೆಟ್ಟ ಜಾರ್‌ಗಳನ್ನಷ್ಟೇ ಇಳಿಸುವ ಅಜ್ಜಿಗೆ ಜೋನ್ಸ್ ಹೆಸರು ಗೊತ್ತಿಲ್ಲದಿದ್ದರೂ ಕ್ರಮ ಗೊತ್ತಿದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಹೊರಗೆ ಇಪ್ಪತ್ತು ಜನ ಕಾದಿರುವ ವೈದ್ಯರು ಕೇಳಬಹುದು. ಅವರು ಒಂದು ಪ್ರಶ್ನೆಯನ್ನು ಬದಲಿಸಿದರೆ ಸಾಕು. ‘ರಾತ್ರಿ ನಿದ್ದೆ ಬಂತಾ?’ ಎಂದು ಕೇಳಿದರೆ ಕುರ್ಚಿಯಲ್ಲಿರುವವರ ಹೆಗಲು ಕೊಂಚ ಸಡಿಲವಾಗುತ್ತದೆ. ಜೊತೆಗೆ ವೈದ್ಯರಿಗೆ ಬೇಕಾದ ಮಾಹಿತಿಯೂ ಸಿಗುತ್ತದೆ. ಏನನ್ನೂ ಕುಡಿಯದೆ ತಿನ್ನದೆ, ನಡುರಾತ್ರಿ ತಾನಾಗಿ ಎದ್ದು ಬಡಿದುಕೊಳ್ಳುವ ನೋವು ಸಾಮಾನ್ಯವಾಗಿ ತಿರುಳು ಮರಳಿ ಚೇತರಿಸಿಕೊಳ್ಳದಷ್ಟು ಊದಿರುವ ಸೂಚನೆ. ತಣ್ಣೀರು ತಾಗಿದಾಗ ಮಾತ್ರ ಚುರುಕೆಂದು ಕ್ಷಣದಲ್ಲಿ ಮಾಯವಾಗುವ ನೋವಾದರೆ ಹಲ್ಲನ್ನು ಬರಿಯ ಸಿಮೆಂಟಿನಲ್ಲೇ ಉಳಿಸಿಕೊಳ್ಳುವ ಅವಕಾಶ ಇನ್ನೂ ಇದೆ.