ಖೋಲಿಯ ಗಾಳಿ ಯಾರದು?

ರಾತ್ರಿ ಹನ್ನೊಂದೂವರೆಗೆ ಹೋಟೆಲಿನ ಬಾಗಿಲು ಇಳಿಯುತ್ತದೆ. ನೆಲ ತೊಳೆದು, ಗಲ್ಲೆಯ ಲೆಕ್ಕ ಮುಗಿಸಿ ಕೆಲಸಗಾರರು ಖೋಲಿಗೆ ಬಂದು ಸೇರುವಾಗ ಹನ್ನೆರಡು ದಾಟಿರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಆ ಖೋಲಿಯಲ್ಲಿ ಆರೇಳು ಚಾಪೆಗಳು. ಗಲ್ಲಿಯ ಕಡೆಗೆ ತೆರೆಯುವ ಕಿಟಕಿ ಒಂದೇ. ಮಳೆಗಾಲದಲ್ಲಿ ಅದೂ ಮುಚ್ಚಿರುವುದು. ದಿನವೆಲ್ಲ ನಿಂತು ಸೋತ ಕಾಲುಗಳನ್ನು ಚಾಚಿ ಒಬ್ಬರು ಬೀಡಿ ಹಚ್ಚುತ್ತಾರೆ. ಅದರ ಕಿಡಿಯಿಂದಲೇ ಇನ್ನೊಬ್ಬರ ಸಿಗರೇಟು ಹೊತ್ತಿಕೊಳ್ಳುತ್ತದೆ. ಮೊನ್ನೆಯಷ್ಟೇ ಊರಿನಿಂದ ಬಂದ ತರುಣನೊಬ್ಬ ಮೂಲೆಯಲ್ಲಿ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯತ್ತ ಹೊರಳುತ್ತಾನೆ. ಅವನು ಏನೂ ಹೇಳುವುದಿಲ್ಲ. ಹೇಳುವುದಾದರೂ ಹೇಗೆ? ಬೀಡಿ ಹಚ್ಚಿದವರೇ ಅವನನ್ನು ಕೈಹಿಡಿದು ಮುಂಬಯಿಗೆ ಕರೆತಂದು ಕೆಲಸಕ್ಕೆ ಸೇರಿಸಿದ ಹಿರಿಯರು.

ಆ ತರುಣನ ಮೌನದ ಪರವಾಗಿ ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ನಮಗೆ ತೋರಿದೆ.

ಧೂಮಪಾನವು ಸೇದುವವನಿಗೆ ಕೇಡೆಂಬುದು ಈಗ ಹಳೆಯ ಮಾತು. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ವಿದ್ವಾಂಸರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಎತ್ತಿ ತೋರಿಸಿದರು. ಆದರೆ ಪಕ್ಕದಲ್ಲಿ ಕುಳಿತು ಬರಿದೆ ಉಸಿರಾಡುವವನ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಮತ್ತೆ ಮೂವತ್ತು ವರ್ಷಗಳು ಬೇಕಾದವು. ಜಪಾನಿನ ತಾಕೇಶಿ ಹಿರಾಯಾಮಾ ಎಂಬವರು ಎಂದೂ ಸೇದದ 91,540 ಗೃಹಿಣಿಯರ ಆರೋಗ್ಯವನ್ನು 14 ವರ್ಷಗಳ ಕಾಲ ಗಮನಿಸಿ, 1981ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಗಂಡ ಸೇದುವ ಸಿಗರೇಟುಗಳ ಸಂಖ್ಯೆ ಏರಿದಂತೆ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ತಗಲುವ ಸಂಭವವೂ ಏರುತ್ತಿತ್ತು. ಚಟ ಒಬ್ಬರದು, ದಂಡ ಇನ್ನೊಬ್ಬರದು! 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ವರದಿಯು ಇನ್ನೂ ಸ್ಪಷ್ಟವಾಗಿ ನುಡಿಯಿತು: ಪರರ ಹೊಗೆಯನ್ನು ಉಸಿರಾಡುವುದರಲ್ಲಿ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲ.

ಇದರ ಮರ್ಮವನ್ನು ತಿಳಿಯುವುದು ಕಷ್ಟವಲ್ಲ. ಸೇದುವವನು ಒಂದು ದಮ್ಮು ಎಳೆದು ಇನ್ನೊಂದು ಎಳೆಯುವುದರ ನಡುವೆ ಬೀಡಿಯಾಗಲಿ ಸಿಗರೇಟಾಗಲಿ ತನ್ನಷ್ಟಕ್ಕೆ ಹೊಗೆಯಾಡುತ್ತಿರುತ್ತದೆ. ಕೋಣೆಯಲ್ಲಿ ತುಂಬುವ ಹೊಗೆಯಲ್ಲಿ ಬಹುಪಾಲು ಆ ತುದಿಯಿಂದಲೇ ಬಂದುದು. ಅದು ಅರೆಬೆಂದ ಹೊಗೆ. ಸಿಗರೇಟಿನ ಬುಡದ ಸೋಸುಬತ್ತಿಯನ್ನು ಹಾಯ್ದು ಬಂದುದೂ ಅಲ್ಲ. ಅದರಲ್ಲಿರುವ ಕಣಗಳು ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಸೂಕ್ಷ್ಮವಾದುದರಿಂದ ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ನಮ್ಮ ವಾಚಕರಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಅನೇಕರಿದ್ದಾರೆ. ಅವರಿಗಾಗಿ ಒಂದು ಸಣ್ಣ ಲೆಕ್ಕ. ಹತ್ತಡಿ ಉದ್ದ, ಅಗಲ, ಎತ್ತರದ ಖೋಲಿಯಲ್ಲಿರುವ ಗಾಳಿ ಸುಮಾರು 28 ಘನ ಮೀಟರು. ಒಂದು ಸಿಗರೇಟು ಉರಿದು ಮುಗಿಯುವುದರೊಳಗೆ ಈ ಸೂಕ್ಷ್ಮ ಕಣಗಳನ್ನು ಸುಮಾರು 10 ಮಿಲಿಗ್ರಾಮಿನಷ್ಟು ಹೊರಹಾಕುತ್ತದೆ. ಕಿಟಕಿ ಮುಚ್ಚಿದ್ದರೆ ಪ್ರತಿ ಘನ ಮೀಟರಿಗೆ 350 ಮೈಕ್ರೋಗ್ರಾಮಿಗೂ ಮಿಕ್ಕಿತು. ನಮ್ಮ ಸರಕಾರವು ಒಂದು ದಿನದ ಸರಾಸರಿಗೆ ಹಾಕಿದ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 15. ಒಂದು ಸಿಗರೇಟಿನ ಹೊಗೆ ಕ್ರಮೇಣ ಕಡಿಮೆಯಾಗುವುದು ನಿಜ. ಆದರೆ ಅದು ಕರಗುವ ಮುನ್ನ ಎರಡನೆಯದೂ ಮೂರನೆಯದೂ ಹೊತ್ತಿದರೆ ಮಲಗಿದವರು ಬೆಳಗಿನವರೆಗೆ ಏನನ್ನು ಉಸಿರಾಡಿದಂತಾಯಿತು?

ಪಂಖ ತಿರುಗುತ್ತಿದೆಯಲ್ಲ ಎನ್ನುವವರಿದ್ದಾರೆ. ಪಂಖವು ಹೊಗೆಯನ್ನು ಹೊರಗೆ ಹಾಕುವುದಿಲ್ಲ. ಒಬ್ಬನ ಚಾಪೆಯಿಂದ ಇನ್ನೊಬ್ಬನ ಚಾಪೆಗೆ ಹಂಚುತ್ತದೆ. ಊದುಬತ್ತಿ ಹಚ್ಚಿದರೆ ವಾಸನೆ ಮುಚ್ಚೀತು, ಹೊಗೆ ಮಾತ್ರ ಹೆಚ್ಚೀತು. ಮೇಲಾಗಿ, ಹೊಗೆ ಕಣ್ಣಿಗೆ ಕಾಣದಾದ ಮೇಲೂ ನಿಕೋಟಿನ್ ಗೋಡೆಗೆ, ಹಾಸಿಗೆಗೆ, ತೂಗುಹಾಕಿದ ಅಂಗಿಗೆ ಅಂಟಿ ಉಳಿಯುತ್ತದೆ. ಗ್ಯಾಸಿನ ಉರಿಯಿಂದ ಕೋಣೆಯ ಗಾಳಿಗೆ ಸೇರುವ ನೈಟ್ರಸ್ ಆಮ್ಲದೊಡನೆ ಅದು ಕೂಡಿ ಕ್ಯಾನ್ಸರ್‌ಕಾರಕ ವಸ್ತುಗಳನ್ನು ಹುಟ್ಟಿಸಬಲ್ಲದೆಂದು ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 2010ರಲ್ಲಿ ತೋರಿಸಿದರು.

ಇನ್ನೊಂದು ವಾದವೂ ಉಂಟು. ಹಗಲೆಲ್ಲ ಕಾವಲಿಯ ಹೊಗೆ, ದಾರಿಯಲ್ಲಿ ಮೋಟಾರಿನ ಹೊಗೆ. ಇದರಲ್ಲಿ ಒಂದು ಬೀಡಿಯ ಪಾಡೇನು ಎಂದು. ನಾವು ಇದನ್ನು ಒಪ್ಪಲಾರೆವು. ಕಾವಲಿಯ ಹೊಗೆ ಹೊಟ್ಟೆಪಾಡಿನದು, ಮೋಟಾರಿನ ಹೊಗೆ ನಮ್ಮ ಕೈಮೀರಿದುದು. ಎರಡನ್ನೂ ಉಂಡು ಬಂದ ಶ್ವಾಸಕೋಶಕ್ಕೆ ವಿಶ್ರಾಂತಿಯಿರುವುದು ಮಲಗುವ ಏಳೆಂಟು ತಾಸು ಮಾತ್ರ. ಅದನ್ನೂ ಕಸಿದುಕೊಳ್ಳುವುದು ನ್ಯಾಯವೆ?

ಕಾಯಿದೆಯು ಈ ವಿಷಯದಲ್ಲಿ ಅರ್ಧ ದಾರಿ ನಡೆದಿದೆ. ಮುಂಬಯಿಯವರೇ ಆದ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2003ರಲ್ಲಿ ಶಾಸನವಾಯಿತು, 2008ರ ಅಕ್ಟೋಬರ್ 2ರಂದು ಕಟ್ಟುನಿಟ್ಟಿನ ನಿಯಮಗಳು ಜಾರಿಗೆ ಬಂದವು. ಅಂದಿನಿಂದ ಹೋಟೆಲಿನ ಮೇಜಿನಲ್ಲಿ ಸಿಗರೇಟು ಹಚ್ಚಿದ ಗಿರಾಕಿಗೆ, “ಇಲ್ಲಿ ಸೇದಬಾರದು, ಸಾಹೇಬರೆ” ಎಂದು ಹೇಳುವ ಧೈರ್ಯ ನಮ್ಮ ಮಾಣಿಗೂ ಬಂದಿದೆ. ಆದರೆ ಖೋಲಿಯ ಹೊಸ್ತಿಲಲ್ಲಿ ಕಾಯಿದೆ ನಿಂತುಬಿಡುತ್ತದೆ. ಅಪರಿಚಿತನಿಂದ ರಕ್ಷಣೆಯುಂಟು, ಆತ್ಮೀಯನಿಂದ ಇಲ್ಲ.

ಕುಟುಂಬ ಸಮೇತರಾಗಿ ಚಾಳಿನಲ್ಲಿರುವ ಗುಮಾಸ್ತರ ಸ್ಥಿತಿ ಇನ್ನೂ ಶೋಚನೀಯ. ಹೊಗೆಯಾಡುವ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಉಬ್ಬಸ, ಕಿವಿಯ ಸೋಂಕು, ಎದೆಯ ಕಾಯಿಲೆಗಳು ಹೆಚ್ಚೆಂಬುದು ಸಿದ್ಧಪಟ್ಟ ವಿಷಯ. ಭಾರತದಲ್ಲಿ 2009-10ರಲ್ಲಿ ವಯಸ್ಕರ ಪೈಕಿ ನೂರಕ್ಕೆ 52 ಮಂದಿ ತಮ್ಮ ಮನೆಯಲ್ಲೇ ಇತರರ ಹೊಗೆಗೆ ಗುರಿಯಾಗುತ್ತಿದ್ದರು. 2016-17ರ ಸಮೀಕ್ಷೆಯಲ್ಲಿ ಅದು 39ಕ್ಕೆ ಇಳಿದಿತ್ತು. ಮನೆಯೊಳಗೆ ಪೋಲೀಸರು ಬಂದು ಇಳಿಸಿದುದಲ್ಲ. ಮನೆಯವರೇ ಮನಸ್ಸು ಮಾಡಿ ಇಳಿಸಿದುದು.

ಬೀಡಿಯು ಎಲೆಯಲ್ಲಿ ಕಟ್ಟಿದುದು, ಆದುದರಿಂದ ಸಾಧು ಎಂಬ ಭ್ರಮೆಯನ್ನೂ ಬಿಡಬೇಕು. ಅದರ ಹೊಗೆಯಲ್ಲಿ ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ದಕ್ಷಿಣ ಕನ್ನಡದಿಂದ ಬಂದ ನಮ್ಮ ಎಷ್ಟೋ ಮಂದಿಯ ತಾಯಂದಿರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುತ್ತಿ ಮಕ್ಕಳ ಶಾಲೆಯ ಖರ್ಚನ್ನು ಹೊಂದಿಸಿದವರು. ಆ ದುಡಿಮೆಗೆ ನಾವು ತಲೆಬಾಗುತ್ತೇವೆ. ಆದರೆ ಹೊಗೆಸೊಪ್ಪಿನ ಧೂಳನ್ನು ನುಂಗಿ ಮಗನನ್ನು ಓದಿಸಿದ ತಾಯಿಯು, ಅವನು ಪರವೂರಿನಲ್ಲಿ ಅದೇ ಹೊಗೆಯಲ್ಲಿ ಕೆಮ್ಮುತ್ತ ಮಲಗಲೆಂದು ಬಯಸಿರಲಾರಳು.

ಸೇದುವ ಬಂಧುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದಿನಕ್ಕೆ ಹನ್ನೆರಡು ತಾಸು ನಿಂತೇ ದುಡಿಯುವವನಿಗೆ ಆ ಒಂದು ಬೀಡಿ ಎಂತಹ ಆಸರೆಯೆಂಬುದನ್ನು ನಾವು ಅರಿಯದವರಲ್ಲ. ಇಂದೇ ಬಿಟ್ಟುಬಿಡಿರೆಂದು ಉಪದೇಶ ಮಾಡಿದರೆ ಅದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಬಿದ್ದೀತು. ಬಿಡಬೇಕೆಂದು ಮನಸ್ಸಾದವರಿಗೆ ಸರಕಾರದ ಉಚಿತ ದೂರವಾಣಿ 1800-11-2356 ಉಂಟು. ಬಿಡಲು ಇನ್ನೂ ಮನಸ್ಸಾಗದವರಲ್ಲಿ ನಮ್ಮದು ಒಂದೇ ಬೇಡಿಕೆ: ಖೋಲಿಯೊಳಗೆ ಬೇಡ. ಮೆಟ್ಟಲಿಳಿದು ಬೀದಿಗೆ ಹೋಗಿ ಸೇದಿರಿ. ಕಿಟಕಿಯ ಬಳಿಯಲ್ಲಲ್ಲ, ಬಾಗಿಲ ಸಂದಿಯಲ್ಲಲ್ಲ, ಪೂರ್ತಿ ಹೊರಗೆ.

ಈ ಕಟ್ಟಳೆಯನ್ನು ಹೇಳಬೇಕಾದವನು ಮೂಲೆಯ ಆ ತರುಣನಲ್ಲ. ಬಾಡಿಗೆ, ನೀರು, ಕಸ ಗುಡಿಸುವ ಸರದಿ ಇವನ್ನೆಲ್ಲ ಖೋಲಿಯವರು ಒಟ್ಟಿಗೆ ಕುಳಿತು ನಿರ್ಣಯಿಸುವಂತೆ ಇದನ್ನೂ ನಿರ್ಣಯಿಸಲಿ. ಎಲ್ಲರಿಗಿಂತ ಹಿರಿಯರು ಮೊದಲು ಬಾಯಿ ತೆರೆಯಲಿ. ಕೆಲಸಗಾರರಿಗೆ ವಸತಿ ಕೊಡುವ ಮಾಲಕರು ಖೋಲಿಗೆ ಇನ್ನೊಂದು ಕಿಟಕಿ ಇಡಿಸಲಿ, ಸೇದದವರಿಗೆ ಬೇರೆ ಖೋಲಿ ಸಾಧ್ಯವಿದ್ದರೆ ಕೊಡಲಿ. ನಮ್ಮ ಸಂಘಗಳು ವಾರ್ಷಿಕೋತ್ಸವದ ಭಾಷಣಗಳ ನಡುವೆ ಐದು ನಿಮಿಷವನ್ನು ಈ ವಿಷಯಕ್ಕೆ ಮೀಸಲಿಡಲಿ.

ಪರವೂರಿನಲ್ಲಿ ನಮಗೆ ಜಾಗ ಕಡಿಮೆ, ನೀರು ಕಡಿಮೆ, ಬಿಡುವು ಕಡಿಮೆ. ಇರುವುದನ್ನು ಹಂಚಿಕೊಂಡು ಬಾಳುವ ಗುಣವೊಂದೇ ನಮ್ಮನ್ನು ಇಷ್ಟು ಕಾಲ ಉಳಿಸಿದೆ. ಅನ್ನ ಹಂಚಿಕೊಂಡವರು, ಚಾಪೆ ಹಂಚಿಕೊಂಡವರು ಗಾಳಿಯನ್ನೂ ಹಂಚಿಕೊಂಡೇ ಇದ್ದಾರೆ. ಹಂಚುವ ವಸ್ತು ಶುದ್ಧವಾಗಿರಲಿ ಎಂಬುದಷ್ಟೇ ನಮ್ಮ ವಿನಂತಿ. ಇಂದು ರಾತ್ರಿ ಕಡ್ಡಿ ಗೀರುವ ಮೊದಲು, ಗೋಡೆಯತ್ತ ಮುಖಮಾಡಿ ಮಲಗಿದ ಹುಡುಗನ ಕಡೆಗೆ ಒಮ್ಮೆ ನೋಡಿರಿ. ಅವನು ನಿದ್ರಿಸುತ್ತಿಲ್ಲ, ಉಸಿರು ಹಿಡಿದಿದ್ದಾನೆ.