ಕೊಂಡ ಫೋನಿಗೆ ಯಾವ ಸಿಮ್ ಎಂಬುದು ಕೊಂಡವರ ತೀರ್ಮಾನವಾಗಲಿ: ವಯನಾಡಿನ ಗಡಿ ಊರುಗಳ ಮನವಿ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನವದೆಹಲಿ
(ಬೆಂಗಳೂರು ಪ್ರಾದೇಶಿಕ ಕಚೇರಿಯ ಮುಖಾಂತರ)

ವಿಷಯ: ಒಂದೇ ಕಂಪನಿಯ ಸಿಮ್‌ಗೆ ಬೀಗ ಹಾಕಿದ ಮತ್ತು ಎಲ್ಲ ನೆಟ್‌ವರ್ಕ್‌ಗಳಿಗೂ ಹೊಂದದ ಮೊಬೈಲ್ ಫೋನ್‌ಗಳ ಮಾರಾಟವನ್ನು ನಿಯಂತ್ರಿಸುವ ಬಗ್ಗೆ.

ಮಾನ್ಯರೆ,

ವಯನಾಡು ಜಿಲ್ಲೆಯ ತಿರುನೆಲ್ಲಿ, ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ, ನೂಲ್ಪುಳ ಪಂಚಾಯಿತಿಗಳಲ್ಲಿ ವಾಸವಿರುವ, ಕೆಳಗೆ ಸಹಿ ಮಾಡಿರುವ ನಾವು ಸಲ್ಲಿಸುವ ಮನವಿ ಇದು. ನಮ್ಮಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಉಳಿಸಿಕೊಂಡ ಜೈನ ಕುಟುಂಬದವರಿದ್ದಾರೆ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟುನಾಯ್ಕರಿದ್ದಾರೆ, ಶುಂಠಿ ಬೇಸಾಯಕ್ಕೆಂದು ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೊಡಗಿನ ಕಡೆ ಹೋಗಿ ಬರುವ ಗುತ್ತಿಗೆ ರೈತರೂ ಕೂಲಿಯವರೂ ಇದ್ದಾರೆ.

ಮಾನಂದವಾಡಿ, ಸುಲ್ತಾನ್ ಬತ್ತೇರಿಯಂಥ ಪೇಟೆಗಳಲ್ಲಿ ಎಲ್ಲ ಕಂಪನಿಗಳ ನೆಟ್‌ವರ್ಕೂ ಸಿಗುತ್ತದೆ. ಕಾಡಂಚಿನ ಹಾಡಿಗಳಲ್ಲಿ ಹಾಗಲ್ಲ. ಒಂದು ಕಡೆ ಒಂದು ಕಂಪನಿಯ ಟವರ್, ಗುಡ್ಡ ದಾಟಿದರೆ ಇನ್ನೊಂದರದು, ಕಬಿನಿ ಹೊಳೆ ದಾಟಿದರೆ ಕರ್ನಾಟಕದ ಬೇರೆಯದೇ ಲೆಕ್ಕ. ಇಲ್ಲಿ ಬದುಕುವವರು ಊರಿಗೆ ತಕ್ಕಂತೆ ಸಿಮ್ ಬದಲಿಸಲೇಬೇಕು. ನಮ್ಮ ಹಾಡಿಯ ಒಬ್ಬ ಕೂಲಿ ಹೆಣ್ಣುಮಗಳು ಪೇಟೆಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಕೀಪ್ಯಾಡ್ ಫೋನ್ ಕೊಂಡು, ಶುಂಠಿ ಕೀಳಲು ಹೊಳೆಯಾಚೆಯ ಬೈರಕುಪ್ಪೆಯ ಕಡೆ ಹೋದರು. ಅಲ್ಲಿ ಆ ಕಂಪನಿಯ ನೆಟ್‌ವರ್ಕ್ ಇರಲಿಲ್ಲ. ಜೊತೆಯವರ ಸಿಮ್ ಹಾಕಿ ನೋಡಿದರೆ, ಈ ಸಿಮ್ ನಡೆಯುವುದಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು; ಅದನ್ನು ಓದಿ ಹೇಳಲೂ ಮತ್ತೊಬ್ಬರು ಬೇಕಾಯಿತು. ಫೋನಿಗೆ ಬೀಗವಿದೆ ಎಂದು ಮಾರುವಾಗ ಯಾರೂ ಹೇಳಿರಲಿಲ್ಲ. ಕೂಲಿ ದುಡ್ಡಿನಲ್ಲಿ ಅವರು ಇನ್ನೊಂದು ಫೋನ್ ಕೊಳ್ಳಬೇಕಾಯಿತು. ಈಗ ಎರಡಕ್ಕೂ ರೀಚಾರ್ಜ್ ಮಾಡಿಸುತ್ತಿದ್ದಾರೆ.

ಬೀಗ ಹಾಕಿ ಮಾರುವ ಪದ್ಧತಿ ಹೊಸದೇನಲ್ಲ. 2003ರ ಮುಂಗಾರಿನಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿ ಮುಂಗಡಕ್ಕೆ ಸಿಡಿಎಂಎ ಫೋನ್ ಕೊಟ್ಟಾಗಲೂ ಫೋನು, ನಂಬರು, ಕಂಪನಿ ಮೂರೂ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಮುಂದೆ ಆ ಸೇವೆ ನಿಂತಾಗ ಫೋನುಗಳೂ ಮೂಲೆ ಸೇರಿದವು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಕೂಡ ಅದೇ ಕಂಪನಿಯ ಸಿಮ್‌ಗಷ್ಟೇ ಮೀಸಲು. ಬಡವರ ಕೈಗೆ 4ಜಿ ತಲುಪಿಸಿದ ಆ ಬೆಲೆಗೆ ನಮ್ಮ ವಿರೋಧವಿಲ್ಲ, ಅದು ಉಪಕಾರವೇ ಆಗಿದೆ. ನಾವು ಕೇಳುತ್ತಿರುವುದು ಬೀಗದ ಅವಧಿಯ ಬಗ್ಗೆ, ಅದನ್ನು ಮುಚ್ಚಿಟ್ಟು ಮಾರುವುದರ ಬಗ್ಗೆ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ತಮ್ಮ ಪ್ರಾಧಿಕಾರದ ನಿಯಮಗಳಡಿಯಲ್ಲೇ 2011ರ ಜನವರಿಯಲ್ಲಿ ದೇಶದ ಉದ್ದಗಲಕ್ಕೆ ಜಾರಿಗೆ ಬಂತು. ಫೋನ್ ಒಪ್ಪದಿದ್ದರೆ ಆ ಹಕ್ಕು ಯಾರ ಉಪಯೋಗಕ್ಕೆ?

ಬೀಗ ಹಾಕದಿದ್ದರೂ ನೆಟ್‌ವರ್ಕ್‌ಗೆ ಹೊಂದದ ಫೋನುಗಳದು ಇನ್ನೂ ಕಷ್ಟ; ಅದು ಹೇಳದೆ ಹಾಕಿದ ಬೀಗವೇ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಸೇವೆ 2025ರ ಸೆಪ್ಟೆಂಬರ್ 27ರಂದು ಲೋಕಾರ್ಪಣೆಯಾಯಿತು. ಅದು ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್ ತರಂಗಾಂತರಗಳಲ್ಲಿ, ಅಂದರೆ ಬ್ಯಾಂಡ್ 28 ಮತ್ತು ಬ್ಯಾಂಡ್ 1ರಲ್ಲಿ. ಗುಡ್ಡ, ಕಾಡು, ಹೆಂಚಿನ ಮನೆಯ ಒಳಗೆ ದೂರ ತಲುಪುವುದು 700. ಆದರೆ ಅಗ್ಗದ ಫೋನುಗಳಲ್ಲಿ ಹಲವಕ್ಕೆ ಬ್ಯಾಂಡ್ 28 ಇರುವುದಿಲ್ಲ. ಟವರ್ ಕಣ್ಣೆದುರಿಗಿದ್ದರೂ ಫೋನಿಗೆ ಅದು ಕಾಣದು. ಬ್ಯಾಂಡ್ ಇದ್ದರೂ ಮತ್ತೊಂದು ತೊಡಕಿದೆ. 4ಜಿಯಲ್ಲಿ ಮಾತು ಸಾಗುವುದೂ ಡೇಟಾ ರೂಪದಲ್ಲೇ. ಅದಕ್ಕೆ ಆಯಾ ಕಂಪನಿಯ ವೋಲ್ಟಿ ವ್ಯವಸ್ಥೆ ಫೋನಿನ ಸಾಫ್ಟ್‌ವೇರ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಇಂಟರ್ನೆಟ್ ನಡೆಯುತ್ತದೆ, ಕರೆ ಮಾಡಲು ಫೋನ್ ಹಳೆಯ 2ಜಿ, 3ಜಿಗೆ ಇಳಿಯುತ್ತದೆ. ಅವೂ ಸಿಗದ ಕಡೆ ಕರೆಯೇ ಇಲ್ಲ. ಇವೆಲ್ಲ ಕೊಳ್ಳುವವರಿಗೆ ತಿಳಿಯುವುದಾದರೂ ಹೇಗೆ? ಡಬ್ಬಿಯ ಮೇಲೆ ‘4ಜಿ’ ಎಂದಷ್ಟೇ ದೊಡ್ಡದಾಗಿ ಅಚ್ಚಾಗಿರುತ್ತದೆ.

2024ರ ಜುಲೈ 30ರ ನಸುಕಿನಲ್ಲಿ ನಮ್ಮ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಚೂರಲ್‌ಮಲದಲ್ಲಿದ್ದ ಬಿಎಸ್‌ಎನ್‌ಎಲ್ ಟವರನ್ನು ರಕ್ಷಣಾ ಕಾರ್ಯಕ್ಕಾಗಿ ಹಗಲಿರುಳು ದುಡಿದು 4ಜಿಗೆ ಏರಿಸಿದ ಸಿಬ್ಬಂದಿಯನ್ನು ನಾವು ಮರೆಯುವುದಿಲ್ಲ. ಅಂಥ ಹೊತ್ತಿನಲ್ಲಿ ಯಾವ ಟವರ್ ನಿಂತಿರುತ್ತದೋ ಅದೇ ಆಸರೆ. ಕೈಯಲ್ಲಿರುವ ಫೋನ್ ಆ ಟವರಿಗೆ ಹೊಂದದಿದ್ದರೆ ಜೀವಕ್ಕೇ ಸಂಚಕಾರ. 2011ರ ಜನಗಣತಿಯಂತೆ ಈ ಜಿಲ್ಲೆಯ 8,17,420 ಜನರಲ್ಲಿ 1,51,443 ಮಂದಿ ಪರಿಶಿಷ್ಟ ಪಂಗಡದವರು. ಅವರಲ್ಲಿ ಬಹಳ ಮಂದಿಯ ಕೈಯಲ್ಲಿರುವುದು ಇಂಥ ಅಗ್ಗದ ಫೋನುಗಳೇ.

ಬೇರೆ ದೇಶಗಳು ಇದನ್ನು ಬಗೆಹರಿಸಿಕೊಂಡಿವೆ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ನೆಟ್‌ವರ್ಕ್ ಕಂಪನಿಗಳು ಬೀಗ ಹಾಕಿದ ಫೋನ್ ಮಾರುವಂತಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ. ಪೂರ್ತಿ ಬೆಲೆ ಕೊಟ್ಟು ಕೊಂಡ ಫೋನಿಗೆ ಬೀಗ ಇರಕೂಡದು. ರಿಯಾಯಿತಿ ದರದಲ್ಲಿ ಕೊಟ್ಟದ್ದಾದರೆ ಬೀಗದ ಅವಧಿ ಆರು ತಿಂಗಳು ಮೀರಬಾರದು, ಅದು ಮುಗಿದ ದಿನ ಶುಲ್ಕವಿಲ್ಲದೆ, ಅರ್ಜಿಯಿಲ್ಲದೆ ತಾನಾಗಿ ತೆರೆಯಬೇಕು. ಈಗಾಗಲೇ ಜನರ ಕೈಯಲ್ಲಿರುವ ಫೋನುಗಳಿಗೂ ಇದು ಅನ್ವಯವಾಗಬೇಕು. ದೇಶದಲ್ಲಿ ಮಾರುವ ಪ್ರತಿ 4ಜಿ ಫೋನೂ, ಕೀಪ್ಯಾಡ್ ಫೋನ್ ಸೇರಿ, ಇಲ್ಲಿನ ಎಲ್ಲ ಕಂಪನಿಗಳು ಬಳಸುವ 4ಜಿ ಬ್ಯಾಂಡ್‌ಗಳಿಗೂ ವೋಲ್ಟಿ ಕರೆಗೂ ಹೊಂದುವಂತಿರಬೇಕೆಂದು ದೂರಸಂಪರ್ಕ ಇಲಾಖೆಗೆ ತಾವು ಶಿಫಾರಸು ಮಾಡಬೇಕು. ಅಲ್ಲಿಯವರೆಗೆ, ಯಾವ ಕಂಪನಿಯ ಕರೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಬೀಗವಿದೆಯೇ ಎಂಬುದನ್ನು ಡಬ್ಬಿಯ ಮುಂಭಾಗದಲ್ಲಿ ಸ್ಥಳೀಯ ಭಾಷೆಯಲ್ಲಿ ಅಚ್ಚು ಹಾಕಿಸಬೇಕು. ನಮ್ಮ ಗಡಿಯಲ್ಲಿ ಮಲಯಾಳ, ಕನ್ನಡ ಎರಡರಲ್ಲೂ. ಕಂಪನಿಗಳು 2024ರ ಸೇವಾ ಗುಣಮಟ್ಟ ನಿಯಮದಂತೆ ಪ್ರಕಟಿಸುವ ವ್ಯಾಪ್ತಿ ನಕ್ಷೆಗಳಲ್ಲಿ ಬ್ಯಾಂಡ್ ಸಂಖ್ಯೆಯನ್ನೂ ಕಡ್ಡಾಯ ಮಾಡಬೇಕು.

ಭಾಷೆಯ ಬಗ್ಗೆ ಇನ್ನೊಂದು ಮಾತು. ಭಾರತೀಯ ಮಾನಕ ಐಎಸ್ 16333 ಭಾಗ 3ರ ಪ್ರಕಾರ ಪ್ರತಿ ಫೋನಿನಲ್ಲೂ ದೇಶದ 22 ಭಾಷೆಗಳ ಸಂದೇಶ ಓದಲು ಬರಬೇಕು. ಕೇರಳದ ಮಾರುಕಟ್ಟೆಗೆ ಬರುವ ಅಗ್ಗದ ಫೋನುಗಳಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಸಂಬಂಧಪಟ್ಟವರಿಂದ ಪರೀಕ್ಷೆ ಮಾಡಿಸಬೇಕು.

ಈ ವಿಷಯದಲ್ಲಿ ಸಾರ್ವಜನಿಕ ಸಮಾಲೋಚನಾ ಪತ್ರ ಹೊರಡಿಸಿ, ಒಂದು ಮುಕ್ತ ಚರ್ಚೆಯನ್ನು ಮಾನಂದವಾಡಿಯಲ್ಲಿ ಏರ್ಪಡಿಸಬೇಕೆಂದು ಕೋರುತ್ತೇವೆ. ಹಾಡಿಗಳಿಂದ ಜನರನ್ನು, ಅವರ ಫೋನುಗಳ ಸಮೇತ, ಕರೆತರುವ ಹೊಣೆ ನಮ್ಮದು.

ತಮ್ಮ ವಿಶ್ವಾಸಿಗಳು,
ವಯನಾಡು ಗಡಿಭಾಗದ ಮೊಬೈಲ್ ಬಳಕೆದಾರರು
(ಸಹಿಗಳನ್ನು ಲಗತ್ತಿಸಿದೆ)
ಸ್ಥಳ: ಮಾನಂದವಾಡಿ